ಗುರುತಿನ ಮರ ಗೋಡೆ ಸೇರಿದ್ದು

ವಾಸ್ಲೈ ಅವತ್ತು ಚರ್ಚಿನ ದಾರಿಯಲ್ಲಿ ಒಬ್ಬನೇ ಬರುತ್ತಿದ್ದ. ಹೊತ್ತು ಮೀರಿತ್ತು. ಗಾಳಿ ಇಲ್ಲ, ಹಕ್ಕಿ ಇಲ್ಲ... ಹೆಪ್ಪುಗಟ್ಟಿದ ಎಲೆಗಳ ಮೇಲೆ ಅವನ ಬೂಟಿನ ಸದ್ದು ಮಾತ್ರ. ಕರಂ... ಕರಂ... ದಾರಿ ಎಡಕ್ಕೆ ತಿರುಗುವಲ್ಲಿ ಒಂದು ಪೈನ್ ಮರ ಇತ್ತು. ಸತ್ತು ಎಷ್ಟು ಕಾಲವಾಗಿತ್ತೋ, ಬಿದ್ದಿರಲಿಲ್ಲ. ತೊಗಟೆಯೆಲ್ಲ ಉದುರಿ, ಮೈ ಬೂದು ಬೆಳ್ಳಗಾಗಿ, ನಿಂತೇ ಇತ್ತು.

ಕತ್ತಲಾದ ಮೇಲೆ ಬರುವವರು ಆ ಮರದ ಹತ್ತಿರ ಮಾತು ನಿಲ್ಲಿಸುತ್ತಾರೆ. ಹೆಜ್ಜೆ ಚುರುಕು ಮಾಡುತ್ತಾರೆ. ವಾಸ್ಲೈ ಆ ಊರಿಗೆ ಹೊಸಬ. ಅವನು ನಿಂತ. ಹೆಗಲಿನಿಂದ ಕೊಡಲಿ ಇಳಿಸಿ ಅದರ ಹಿಂಬದಿಯಿಂದ ಮರಕ್ಕೆ ಒಂದು ಏಟು ಕೊಟ್ಟ.

ಟಣ್...

ಹಸಿ ಮರ ದಬ್ ಅನ್ನುತ್ತದೆ. ಕೊಳೆತ ಮರ ಬೊದ್ ಅನ್ನುತ್ತದೆ. ಇದು ಗಂಟೆಯ ಹಾಗೆ ಟಣ್ ಅಂದಿತು. ಆ ಸದ್ದು ಕಾಡಿನೊಳಗೆ ಹೋಗಿ ಸ್ವಲ್ಪ ಹೊತ್ತು ಬಿಟ್ಟು ವಾಪಸ್ ಬಂತು. ಹೋದದ್ದು ಒಂದು ಸಲ... ಬಂದದ್ದು ಎರಡು ಸಲ. ಬೇರೆ ಯಾರಾಗಿದ್ದರೂ ಓಡುತ್ತಿದ್ದರು. ವಾಸ್ಲೈಯದು ಬಡಗಿಯ ಕಿವಿ. ಅವನಿಗೆ ಕೇಳಿಸಿದ್ದು ಚೆನ್ನಾಗಿ ಒಣಗಿದ ಮರ, ಅಷ್ಟೆ.

ಇದು ಕಟ್ಟುಕತೆಯಲ್ಲ. ವಾಸ್ಲೈಯ ಜಮೀನು ನಮ್ಮ ಜಮೀನಿನ ಪಕ್ಕದ್ದೇ. ಇದು ನಡೆದದ್ದು ಫಿನ್ಲೆಂಡಿನಲ್ಲಿ, ನಮ್ಮ ಸಾವೊ ಸೀಮೆಯಲ್ಲಿ, ದೊಡ್ಡ ಯುದ್ಧ ಮುಗಿದ ಹೊಸತರಲ್ಲಿ. ಯುದ್ಧಕ್ಕೆ ಮೊದಲು, ಪೂರ್ವದ ಗಡಿಯ ಕಡೆ, ಲಾದೋಗ ಸರೋವರದ ದಂಡೆಯಲ್ಲಿ ಅವನಿಗೆ ಮನೆ ಇತ್ತು, ದೋಣಿ ಇತ್ತು, ಹಸು ಇತ್ತು. ಯುದ್ಧ ಮುಗಿದಾಗ ಗಡಿ ಸರಿದಿತ್ತು. ಮನೆ ಸರಿಯಲಿಲ್ಲ. ಹಾಗಾಗಿ ಅದು ರಷ್ಯದಲ್ಲಿ ಉಳಿಯಿತು. ಸರ್ಕಾರ ಅವನಿಗೆ ಬದಲಿ ಜಮೀನು ಕೊಟ್ಟಿತು. ಅಂಥ ಜಮೀನಿಗೆ ಕಚೇರಿಯವರು ಇಟ್ಟ ಹೆಸರು 'ತಣ್ಣನೆಯ ಹಿಡುವಳಿ'. ಮನೆ ಇಲ್ಲ, ಹೊಲ ಇಲ್ಲ, ಬಾವಿ ಇಲ್ಲ, ಕಲ್ಲು ಮತ್ತು ಕಾಡು ಇದೆ ಎಂದು ಅರ್ಥ. ಸರ್ಕಾರ ಅಷ್ಟು ನೇರವಾಗಿ ಮಾತಾಡಿದ್ದು ಅದೊಂದೇ ಸಲ.

ಆ ಕಾಡನ್ನು ತಾವೆತ್ತಿ ಎಂಬ ಹಳೆಯ ರೈತನ ಆಸ್ತಿಯಿಂದ ಕತ್ತರಿಸಿ ಕೊಟ್ಟಿದ್ದರು. ಮನೆ ಏಳುವವರೆಗೆ ವಾಸ್ಲೈ ಮತ್ತು ಅವನ ಹೆಂಡತಿ ಪಲಾಗ ತಾವೆತ್ತಿಯ ಸೌನಾದಲ್ಲಿ, ಅಂದರೆ ಹಿತ್ತಲಿನ ಸ್ನಾನದ ಗುಡಿಸಲಿನಲ್ಲಿ, ಇರಬೇಕೆಂದು ತೀರ್ಮಾನವಾಯಿತು. ಶನಿವಾರ ಸಂಜೆ ಯಜಮಾನರ ಮನೆಯವರು ಮಿಂದು ಮುಗಿಸುವವರೆಗೆ ಇಬ್ಬರೂ ಹೊರಗೆ ಮರದ ಕೊರಡಿನ ಮೇಲೆ ಕೂರುತ್ತಿದ್ದರು.

ಪಲಾಗ ಎಲ್ಲಿ ಕೂರಿಸಿದರೆ ಅಲ್ಲಿ ಕೂರುವವಳು. ಊರು ಬಿಟ್ಟು ಬರುವಾಗ, ದನ ಸಾಗಿಸುವ ರೈಲಿನ ಡಬ್ಬಿಯಲ್ಲಿ, ಅವರ ಮಗಳು ನಾಸ್ತೊ ಜ್ವರದಿಂದ ತೀರಿಕೊಂಡಿದ್ದಳು. ರಾತ್ರಿ ರೈಲು ಎಲ್ಲೋ ನಿಂತಿತು. ಯಾರೋ ಹೆಂಗಸರು ಬಂದು, ಇಲ್ಲಿ ಕೊಡಿ, ನಾವು ಮಣ್ಣು ಮಾಡುತ್ತೇವೆ ಎಂದರು. ಬೂದು ಕಂಬಳಿಯಲ್ಲಿ ಸುತ್ತಿದ ಮಗುವನ್ನು ಕೈಯಿಂದ ಕೈಗೆ ಇಳಿಸಿದರು. ರೈಲು ಹೊರಟಿತು. ಯುದ್ಧಕಾಲ, ದೀಪ ಹಚ್ಚುವಂತಿರಲಿಲ್ಲ. ಸ್ಟೇಷನ್ನಿನ ಹೆಸರು ಯಾರಿಗೂ ಕಾಣಿಸಲಿಲ್ಲ. ಆಮೇಲೆ ವಾಸ್ಲೈ ಎಷ್ಟು ಕಡೆ ವಿಚಾರಿಸಿದರೂ ಗೊತ್ತಾಗಲಿಲ್ಲ. ಅವತ್ತಿನಿಂದ ಪಲಾಗ ಕೇಳಿದ್ದಕ್ಕೆ ಹೂಂ, ಉಹೂಂ ಅನ್ನುತ್ತಿದ್ದಳು. ತಾನಾಗಿ ಏನನ್ನೂ ಕೇಳುತ್ತಿರಲಿಲ್ಲ.

ವಾಸ್ಲೈ ಒಂದೇ ವಿಷಯ ನಂಬಿದ್ದ. ಒಳಗಿನಿಂದ ಚಿಲಕ ಹಾಕಿಕೊಳ್ಳುವಂಥ ಒಂದು ಮನೆ ಕಟ್ಟಿಕೊಟ್ಟರೆ ಇವಳು ಮತ್ತೆ ಮೊದಲಿನಂತಾಗುತ್ತಾಳೆ. ಬಡಗಿ ಬೇರೆ ಏನನ್ನು ತಾನೇ ನಂಬುತ್ತಾನೆ.

ಮಾರನೆಯ ದಿನ ಬೆಳಕಿನಲ್ಲಿ ಆ ಮರವನ್ನು ನೋಡಿದ. ಎದೆಯ ಎತ್ತರದಲ್ಲಿ ಚಾಕುವಿನಿಂದ ಕೆತ್ತಿದ ಅಡ್ಡ-ಉದ್ದ ಗೆರೆಗಳು, ಒಂದೆರಡು ಅಕ್ಷರ, ಇಸವಿ. ಆಗ ಅಳತೆಯವರು ಕಾಡಿನ ತುಂಬ ಓಡಾಡಿ ಇದು ಇವನದು, ಅದು ಅವನದು ಎಂದು ಮರಗಳಿಗೆ ಗೀಟು ಹಾಕುತ್ತಿದ್ದ ಕಾಲ. ವಾಸ್ಲೈಯ ಕಡೆಯವರು ಆರ್ಥೊಡಾಕ್ಸ್ ಪಂಥದ ಕ್ರೈಸ್ತರು, ಅವರ ಶಿಲುಬೆಗೆ ಮೂರು ಅಡ್ಡಪಟ್ಟಿ. ಒಂದೇ ಪಟ್ಟಿ ಇರುವುದನ್ನು ಅವನು ಶಿಲುಬೆ ಅಂದುಕೊಳ್ಳಲಿಲ್ಲ, ಅಳತೆಯವರ ಗುರುತು ಅಂದುಕೊಂಡ. ಗುರುತು ಇದೆ, ಅಂದರೆ ಮರ ನನ್ನದು ಎಂದು ತೀರ್ಮಾನಿಸಿ ಕಡಿದ.

ಮರ ಬೀಳುವಾಗ ಸದ್ದಾಗಲಿಲ್ಲ ಎಂದು ಅವನು ಆಮೇಲೆ ಹೇಳುತ್ತಿದ್ದ. ಗರಗಸದ ಸದ್ದು ಇತ್ತು... ಆಮೇಲೆ ಮರ ನೆಲದ ಮೇಲಿತ್ತು.

ಮೊದಲ ಹಿಮದ ಹೊತ್ತಿಗೆ ಮನೆ ಎದ್ದಿತು. ತಿರುವಿನಿಂದ ಒಂದು ಕೂಗಿನ ದೂರ. ಒಂದೇ ಕೋಣೆ, ಒಂದು ಒಲೆ, ಒಂದು ಕಿಟಕಿ. ದಿಮ್ಮಿಯ ಮೇಲೆ ದಿಮ್ಮಿ ಕೂರಿಸಿದ್ದು ವಾಸ್ಲೈ, ಸಂದುಗಳಿಗೆ ಪಾಚಿ ತುರುಕಿದ್ದು ಪಲಾಗ. ಆ ಬೂದು ದಿಮ್ಮಿಯನ್ನು ಮಲಗುವ ಕಡೆಯ ಗೋಡೆಗೆ ಹಾಕಿದ. ಕೆತ್ತಿದ ಮುಖ ಹೊರಗೆ ಬಂದರೆ ಗೀಟಿನಲ್ಲಿ ನೀರು ನಿಲ್ಲುತ್ತದೆ ಎಂದು ಅದನ್ನು ಒಳಗೆ ತಿರುಗಿಸಿದ.

ದೇವರ ಪಟ ಮೊದಲು ಒಳಗೆ ಹೋಯಿತು, ಆಮೇಲೆ ಕರಿ ರೊಟ್ಟಿ, ಆಮೇಲೆ ಅವರಿಬ್ಬರು. ವಾಸ್ಲೈ ಚಿಲಕ ಹಾಕಿ ತೋರಿಸಿದ. ಟಕ್.

"ಹೆಂಗಿದೆ?"

"ಹೂಂ."

ಆ ರಾತ್ರಿ ಅವನಿಗೆ ಎಚ್ಚರವಾಯಿತು. ಚಳಿಗೆ ಹೊಸ ಮನೆಯ ದಿಮ್ಮಿಗಳು ಸದ್ದು ಮಾಡುತ್ತವೆ. ಚಟ್... ಢಬ್... ಅದು ಅವನಿಗೆ ಗೊತ್ತಿತ್ತು. ಇದು ಅದಲ್ಲ.

ಸರ್ರ್...

ನಿಂತಿತು.

ಸರ್ರ್...

ಒಣ ಅಂಗೈ ಮರವನ್ನು ಸವರುವ ಸದ್ದು. ಗೋಡೆಯ ಹೊರಗೆ. ಬಾಗಿಲ ಕಡೆಯಿಂದ ಶುರುವಾಗಿ, ಮೂಲೆ ಸುತ್ತಿ, ಅವನ ತಲೆಯ ಹತ್ತಿರ ಬಂತು. ಕುರುಡರು ಮನೆ ಬಾಗಿಲು ಹುಡುಕುವ ಹಾಗೆ... ಒಂದು ಕೈಯಲ್ಲ. ಒಂದು ಎತ್ತರದಲ್ಲಿ, ಒಂದು ತಗ್ಗಿನಲ್ಲಿ. ಅವನು ಪಲಾಗಳ ಕಡೆ ತಿರುಗಿದ. ಅವಳ ಕಣ್ಣು ತೆರೆದಿತ್ತು.

"ಕೇಳಿಸ್ತಾ?" ಎಂದ, ಪಿಸುದನಿಯಲ್ಲಿ.

"ಹೂಂ."

ಬೆಳಿಗ್ಗೆ ಹೊರಗೆ ಹೋಗಿ ನೋಡಿದ. ಹಿಮ ನುಣ್ಣಗಿತ್ತು. ಹೆಜ್ಜೆ ಇಲ್ಲ. ಗೋಡೆಗೆ ಕಟ್ಟಿದ್ದ ಇಬ್ಬನಿಯ ಬಿಳಿ ಮಾತ್ರ ಸೊಂಟದಿಂದ ಹೆಗಲಿನ ಎತ್ತರದವರೆಗೆ ಒರೆಸಿಹೋಗಿತ್ತು.

ಭಾನುವಾರ ತಾವೆತ್ತಿ ಹೊಸ ಮನೆ ನೋಡಲು ಬಂದ. ಪದ್ಧತಿಯಂತೆ ರೊಟ್ಟಿ, ಉಪ್ಪು ತಂದ. ಕೂತ. ಗೋಡೆ ನೋಡಿದ. ನಾವು ಸಾವೊದವರು ಹೇಳಬೇಕಾದದ್ದನ್ನು ಮೊದಲೇ ಹೇಳುವುದಿಲ್ಲ, ಅದು ನಮಗೆ ಅಸಭ್ಯ. ಮೊದಲು ಚಿಮಣಿಯನ್ನು ಹೊಗಳಿದ. ಆಮೇಲೆ ಕಿಟಕಿಯನ್ನು.

"ಒಳ್ಳೇ ಗಟ್ಟಿ ಮರ ಹಾಕಿದೀಯ," ಎಂದ.

"ಒಣಗಿತ್ತು ಯಜಮಾನ್ರೆ. ಬಿರುಕು ಬಿಡಲ್ಲ."

"ಬಿಡಲ್ಲ, ಬಿಡಲ್ಲ..." ತಾವೆತ್ತಿ ತಟ್ಟೆಗೆ ಕಾಫಿ ಬಗ್ಗಿಸಿಕೊಂಡು ಊದಿದ. ಆಗೆಲ್ಲ ಕಾಫಿ ಎಂದರೆ ಹುರಿದ ಬಾರ್ಲಿ. "ಆ ಕೆಳಗಡೆ ಇರೋ ಗುರುತು ನಮ್ಮಪ್ಪಂದು."

"ಅವರು ಕೆತ್ತಿದ್ದಾ?"

"ಕೆತ್ತಿದ್ದು ನಾನು. ಅವರು ಆಗ ಪೆಟ್ಟಿಗೇಲಿ ಮಲಗಿದ್ರು."

ವಾಸ್ಲೈ ಬಟ್ಟಲು ಕೆಳಗಿಟ್ಟು ಗೋಡೆಯ ಕಡೆ ತಿರುಗಿದ.

"ಹೆಣ ಚರ್ಚಿಗೆ ಒಯ್ಯುವಾಗ ಆ ತಿರುವಿನಲ್ಲಿ ಜಾರುಬಂಡಿ ನಿಲ್ಲಿಸ್ತೀವಿ. ಸತ್ತೋರ ಹೆಸರು ಕೆತ್ತುತ್ತೀವಿ. ಒಂದು ಗುಟುಕು ಹಾಕ್ಕೊಂಡು ಮುಂದೆ ಹೋಗ್ತೀವಿ. ನಮ್ಮಜ್ಜನ ಕಾಲದಿಂದ ನಮ್ಮ ಮನೆಯೋರೆಲ್ಲ ಆ ಮರದಲ್ಲೇ ಇದಾರೆ."

"ಯಾಕೆ ಹಂಗೆ?"

"ಸತ್ತೋರಿಗೆ ಮರೆವು ಜಾಸ್ತಿ ಕಣಯ್ಯ. ರಾತ್ರಿ ಎದ್ದು ಮನೆ ಕಡೆ ಹೊರಡ್ತಾರೆ. ತಿರುವಿಗೆ ಬಂದು ತಮ್ಮ ಗುರುತು ನೋಡ್ತಾರೆ. ಓ, ನಾನು ಸತ್ತಿದೀನಲ್ಲ ಅಂತ ನೆನಪಾಗತ್ತೆ. ಅಲ್ಲಿಂದಲೇ ವಾಪಸ್. ಯಾರಿಗೂ ತೊಂದ್ರೆ ಇಲ್ಲ."

"ಈಗ?"

"ಈಗ ತಿರುವಿನಲ್ಲಿ ಬುಡ ಇದೆ. ಮರ ಹುಡುಕ್ಕೊಂಡು ಇಲ್ಲಿಗೆ ಬರ್ತಾರೆ. ಗೋಡೆ ಸವರ್ತಾರೆ. ಗುರುತು ಒಳಗಿದೆ, ಅವರು ಹೊರಗಿದಾರೆ." ತಾವೆತ್ತಿ ಸಕ್ಕರೆ ಚೂರನ್ನು ಹಲ್ಲಿನ ನಡುವೆ ಇಟ್ಟುಕೊಂಡ. "ನಮ್ಮಪ್ಪನಿಗೆ ಬಲಗೈ ಇರಲಿಲ್ಲ. ಕೇಳಿಸಿಕೊಂಡ್ರೆ ಗೊತ್ತಾಗತ್ತೆ."

"ಕಡಿಯುವಾಗ ನೀವು ನೋಡ್ತಾನೇ ಇದ್ರಿ. ಒಂದು ಮಾತು ಹೇಳ್ಬೋದಿತ್ತು."

"ನೀನು ಕೇಳ್ಬೋದಿತ್ತು. ಕಾಡು ಕೊಡುವಾಗ ಸರ್ಕಾರದೋರೂ ನನ್ನ ಕೇಳ್ಲಿಲ್ಲ. ಈಗಿನ ಕಾಲದಲ್ಲಿ ಯಾರೂ ಯಾರನ್ನೂ ಕೇಳಲ್ಲ ಅಂತ ನಾನೂ ಸುಮ್ಮನಾದೆ."

ಒಲೆಯ ಹತ್ತಿರ ಕೂತಿದ್ದ ಪಲಾಗ ಆಗ ತಲೆ ಎತ್ತಿದಳು.

"ಯಾರ ಮನೆ ಸತ್ತೋರು ಬೇಕಾದ್ರೂ ಬರ್ತಾರಾ?"

ರೈಲಿನಿಂದ ಇಳಿದ ಮೇಲೆ ಅವಳು ತಾನಾಗಿ ಕೇಳಿದ ಮೊದಲ ಪ್ರಶ್ನೆ ಅದು. ವಾಸ್ಲೈ ಉತ್ತರಕ್ಕಿಂತ ಹೆಚ್ಚಾಗಿ ಆ ದನಿಯನ್ನೇ ಕೇಳುತ್ತ ಕೂತ.

"ಈ ದಾರೀಲಿ ಹೊತ್ಕೊಂಡು ಹೋದೋರು ಮಾತ್ರ, ತಾಯಿ," ಎಂದ ತಾವೆತ್ತಿ. "ದಾರಿ ಗೊತ್ತಿರಬೇಕಲ್ಲ."

"ಹೂಂ," ಎಂದಳು ಪಲಾಗ.

ಅವತ್ತೇ ರಾತ್ರಿ ವಾಸ್ಲೈ ಚಳಿಗೆ ಎದ್ದ. ಬಾಗಿಲು ಪೂರ್ತಿ ತೆರೆದಿತ್ತು. ಹೊರಗಿನ ಹಿಮದ ಬೆಳಕು ನೆಲದ ಮೇಲೆ ಬಿದ್ದಿತ್ತು. ಪಲಾಗ ಮೇಜಿನ ಹತ್ತಿರ ಶಾಲು ಹೊದ್ದು ಕೂತಿದ್ದಳು. ಮೇಜಿನ ಮೇಲೆ ಹೆಚ್ಚಿದ ರೊಟ್ಟಿ, ಮನೆಯಲ್ಲಿದ್ದ ಎಲ್ಲಾ ಬಟ್ಟಲು. ಗುರುತಿನ ಮೇಲೆ ನಾಸ್ತೊಳ ತಲೆವಸ್ತ್ರವನ್ನು ದಿಮ್ಮಿಯ ಸಂದಿಗೆ ಸಿಕ್ಕಿಸಿ ತೂಗು ಹಾಕಿದ್ದಳು.

ಸರ್ರ್... ಎಂಬ ಸದ್ದು ಈಗ ಗೋಡೆಯ ಒಳಗಡೆಯಿಂದ ಬರುತ್ತಿತ್ತು.

"ಬಾಗಿಲು ಹಾಕು ಪಲಾಗ."

"ಶ್... ಬಂದಿದಾರೆ."

"ಯಾರು?"

"ಊರಿನೋರು. ಮೆತ್ತಗೆ ಮಾತಾಡು."

"ಆ ಬಟ್ಟೆ ಯಾಕೆ ಹಾಕಿದೀಯ? ತೆಗಿ. ನೋಡ್ಕೊಂಡು ಹೋಗ್ಲಿ."

"ನೋಡಿದ್ರೆ ಹೊರಟೇಬಿಡ್ತಾರೆ. ಇನ್ನೂ ಹೇಳಿ ಮುಗಿದಿಲ್ಲ." ಅವಳು ಖಾಲಿ ಬೆಂಚಿನ ಕಡೆ ಬಾಗಿದಳು. "ಬೂದು ಕಂಬಳಿ ಸುತ್ತಿದೆ. ಎಡಗಾಲಿನ ಬೂಟಿಗೆ ದಾರ ಬೇರೆ ಬಣ್ಣ, ಕೆಂಪು. ಕರೆದ್ರೆ ಸಟ್ಟಂತ ಬರಲ್ಲ, ನಾಚಿಕೆ ಜಾಸ್ತಿ. ಅಮ್ಮ ಇಲ್ಲಿದಾಳೆ ಅನ್ನಿ... ಕರ್ಕೊಂಡು ಬನ್ನಿ."

ಬೆಂಚು ಕಿರ್ ಅಂದಿತು. ಯಾರೋ ಎದ್ದಾಗ ಅನ್ನುವ ಹಾಗೆ.

ಆ ಚಳಿಗಾಲ ಪಲಾಗ ಬದಲಾದಳು. ಅದನ್ನು ಎಲ್ಲರೂ ನೋಡಿದ್ದಾರೆ. ಹಿಟ್ಟು ನಾದಿದಳು. ಅಂಗಳದ ಹಿಮ ತಳ್ಳಿದಳು. ಒದ್ದೆ ಬೂಟಿನಲ್ಲಿ ಒಳಗೆ ಬಂದದ್ದಕ್ಕೆ ಒಂದು ದಿನ ಗಂಡನನ್ನು ಬಾಯಿಗೆ ಬಂದ ಹಾಗೆ ಬೈದಳು, ಅವನ ತಾಯಿಯವರೆಗೂ ಹೋದಳು. ವಾಸ್ಲೈ ಬಾಗಿಲಲ್ಲೇ ನಿಂತು ಸಂತೋಷದಿಂದ ಅತ್ತ. ಅವನು ಮನೆ ಕಟ್ಟಿದ್ದೇ ಇದಕ್ಕೆ. ಮನೆಯಿಂದ ಹೆಂಡತಿ ಸರಿಹೋದಳು, ಸ್ವಲ್ಪ ನೆಂಟರು ಜಾಸ್ತಿಯಾದರು, ಅಷ್ಟೆ ಎಂದು ಅವನು ತನಗೆ ತಾನೇ ಹೇಳಿಕೊಂಡ.

ಆದರೆ ರೊಟ್ಟಿಯನ್ನು ಅವಳು ತಿನ್ನುತ್ತಿರಲಿಲ್ಲ, ಬಡಿಸುತ್ತಿದ್ದಳು. ದಿನ ದಿನಕ್ಕೆ ತೆಳ್ಳಗಾದಳು. ನಾಸ್ತೊ ಬರಲಿಲ್ಲ. ಬಂದವರು ತಾವೆತ್ತಿಯ ಮನೆಯವರೇ, ಬಾಯಿಲ್ಲದವರು. ಅವರಿಗೆ ಗೊತ್ತಿದ್ದದ್ದು ಚರ್ಚಿನಿಂದ ಈ ತಿರುವಿನವರೆಗಿನ ದಾರಿ. ಹೆಸರಿಲ್ಲದ ಸ್ಟೇಷನ್ನಿಗೆ ಅವರು ಹೇಗೆ ಹೋಗಬೇಕು? ವಾಸ್ಲೈಗೆ ಇದು ಅರ್ಥವಾಗಿತ್ತು. ಪಲಾಗಳಿಗೂ ಆಗಿತ್ತೇನೋ... ಆದರೂ ಪ್ರತಿ ರಾತ್ರಿ ಮೊದಲಿನಿಂದ ಹೇಳುತ್ತಿದ್ದಳು. ಬೂದು ಕಂಬಳಿ, ಕೆಂಪು ದಾರ.

ಒಂದು ರಾತ್ರಿ ಬಾಗಿಲು ಹಾಕಿತ್ತು. ಯಾರೂ ಬಂದಿರಲಿಲ್ಲ. ಪಲಾಗ ಮಲಗಿದ್ದಳು. ಆದರೂ ಆ ಸದ್ದು ಕೇಳಿತು.

ಸರ್ರ್... ನಿಂತಿತು... ಸರ್ರ್...

ವಾಸ್ಲೈ ಉಸಿರು ಬಿಗಿಹಿಡಿದು ಹುಡುಕಿದ. ಗೋಡೆಯಲ್ಲಿಲ್ಲ. ಬಾಗಿಲಲ್ಲಿಲ್ಲ. ಹತ್ತಿರದಲ್ಲೇ... ಹಾಸಿಗೆಯಲ್ಲಿ. ನಿದ್ದೆಯಲ್ಲಿ ಪಲಾಗಳ ಅಂಗೈ ಗೋಡೆಯ ದಿಮ್ಮಿಯನ್ನು ಸವರುತ್ತಿತ್ತು. ಆ ಕೈ ಹಿಡಿದ. ಒಣ ಮರದ ಚಕ್ಕೆಯ ಹಾಗಿತ್ತು.

ಬೆಳಗಾದ ಕೂಡಲೇ ತಾವೆತ್ತಿಯ ಹತ್ತಿರ ಹೋದ. ತಾವೆತ್ತಿ ಕೊಟ್ಟಿಗೆಯಲ್ಲಿದ್ದ. ವಾಸ್ಲೈ ನಡೆದದ್ದನ್ನೆಲ್ಲ ಹೇಳಿದ.

"ಕೊಯ್ದು ತೆಗಿ," ಎಂದ ತಾವೆತ್ತಿ, ಹಸುವಿನ ಹಿಂದಿನಿಂದ. "ಗುರುತು ಇರೋ ಹಲಗೆ ಅಷ್ಟನ್ನು. ತಿರುವಿನಲ್ಲಿ ಹಳೇ ಬುಡದ ಪಕ್ಕ ಒಂದು ಹಸಿ ಮರ ಇದೆ, ಅದಕ್ಕೆ ಹೊಡಿ. ಅಲ್ಲಿಂದಲೇ ವಾಪಸ್ ಹೋಗ್ತಾರೆ."

"ಬದುಕಿರೋರಿಗೆ ಏನಾದ್ರೂ ಆಗತ್ತಾ, ಯಜಮಾನ್ರೆ?"

"ಬದುಕಿರೋರಿಗೆ ಏನಾಗತ್ತೆ? ನಾನು ಹುಟ್ಟಿದಾಗಿಂದ ಅದರ ಮುಂದೆ ಓಡಾಡ್ತಿದೀನಿ. ನೋಡಿದಾಗ ಸ್ವಲ್ಪ ಬೇಜಾರಾಗತ್ತೆ. ಅದು ಚರ್ಚಿಗೆ ಹೋದ್ರೂ ಆಗತ್ತೆ."

"ಅವಳು ಒಪ್ಪಲ್ಲ."

"ಹಂಗಾದ್ರೆ ಕೇಳ್ಬೇಡ," ಎಂದ ತಾವೆತ್ತಿ. "ಅಭ್ಯಾಸ ಇದೆಯಲ್ಲ ನಿಂಗೆ."

ಆ ವಾರ ಚರ್ಚಿನೂರಿನ ಅಂಗಡಿಗೆ ಬಾರ್ಲಿಯಲ್ಲದ, ನಿಜವಾದ ಕಾಫಿ ಬಂದಿದೆ ಎಂದು ಸುದ್ದಿಯಾಯಿತು. ಪಲಾಗ ತಾನೇ ಹೋಗುತ್ತೇನೆ ಎಂದಳು. ಬಂದವರಿಗೆ ಎಷ್ಟು ದಿನ ಬಾರ್ಲಿ ನೀರು ಕೊಡುವುದು ಎಂದಳು. ವಾಸ್ಲೈ ತಡೆಯಲಿಲ್ಲ. ಅವಳ ಶಾಲು ತಿರುವಿನಲ್ಲಿ ಮರೆಯಾಗುವವರೆಗೆ ಕಾದು ಗರಗಸ ತೆಗೆದ.

ಒಣ ಮರ ಗರಗಸದ ಕೆಳಗೆ ಕೀಂ... ಕೀಂ... ಅಂದಿತು. ಹಲಗೆ ಬಂತು. ಅಷ್ಟಗಲ ತೂತಿಗೆ ಪಾಚಿ ತುರುಕಿ ಪಟ್ಟಿ ಹೊಡೆದ. ನಾಸ್ತೊಳ ತಲೆವಸ್ತ್ರವನ್ನು ಮಡಿಸಿ ದೇವರ ಪಟದ ಕೆಳಗೆ ಇಟ್ಟ. ಹಲಗೆಯನ್ನು ತಿರುವಿಗೆ ಒಯ್ದು ಹಸಿ ಮರಕ್ಕೆ, ಎದೆಯ ಎತ್ತರಕ್ಕೆ, ದಾರಿಗೆ ಮುಖ ಮಾಡಿ ಹೊಡೆದ. ಅದರ ಮುಂದೆ ತಾನೇ ಒಂದು ಸಲ ದಾಟಿ ನೋಡಿದ. ಏನೂ ಆಗಲಿಲ್ಲ. ಸ್ವಲ್ಪ ಬೇಜಾರಾಯಿತು.

ಕತ್ತಲಾಯಿತು. ಒಲೆ ಉರಿಸಿ ನೀರಿಟ್ಟು ಕಾದ. ಗೋಡೆ ಸುಮ್ಮನಿತ್ತು. ಬಾಗಿಲು ಸುಮ್ಮನಿತ್ತು. ಅಷ್ಟು ದಿನದಲ್ಲಿ ಮೊದಲ ಸಲ ಅದು ಬರೀ ಮನೆಯಾಗಿತ್ತು. ಇವಳು ಬಂದು ಬೈಯುತ್ತಾಳೆ, ಬೈಯಲಿ, ಆಮೇಲೆ ಕಾಫಿ ಕುಡಿದು ಇಬ್ಬರೂ ಮಲಗುತ್ತೇವೆ... ಹೀಗೆ ಅಂದುಕೊಳ್ಳುತ್ತಿರುವಾಗ ದಾರಿಯಲ್ಲಿ ಹೆಜ್ಜೆ ಸದ್ದು ಕೇಳಿತು.

ಕರ್... ಕರ್... ಕರ್...

ಗಟ್ಟಿ ಚಳಿಯಲ್ಲಿ ಹಿಮದ ಮೇಲಿನ ಹೆಜ್ಜೆ ಬಹಳ ದೂರಕ್ಕೆ ಕೇಳುತ್ತದೆ. ಎಡಗಾಲು ಸ್ವಲ್ಪ ಎಳೆದು ಇಡುವ ನಡಿಗೆ. ಪಲಾಗಳದೇ. ಅವನು ಎರಡು ಬಟ್ಟಲು ಇಳಿಸಿದ.

ಹೆಜ್ಜೆ ತಿರುವಿಗೆ ಬಂತು.

ನಿಂತಿತು.

ಅವನು ಕಾದ. ನೀರು ಕುದಿಯಿತು... ಮುಚ್ಚಳ ತಟತಟ ಅಂದಿತು... ಹೊರಗೆ ಏನೂ ಇಲ್ಲ. ಆಮೇಲೆ ಮತ್ತೆ ಶುರುವಾಯಿತು. ಕರ್... ಕರ್... ಮೊದಲಿನಷ್ಟೇ ನಿಧಾನ. ಆದರೆ ಸದ್ದು ಸಣ್ಣದಾಗುತ್ತ ಹೋಯಿತು.

ಅಂಗಡಿಯಲ್ಲಿ ಏನೋ ಮರೆತು ಬಂದಿರಬೇಕು ಎಂದು ಅವನಿಗೆ ಅನ್ನಿಸಿತಂತೆ. ನಿಜವಾಗಿಯೂ ಹಾಗೇ ಅನ್ನಿಸಿತಂತೆ. ಆಮೇಲೆ ಕಂದೀಲು ತೆಗೆದುಕೊಂಡು ಓಡಿದ.

ಹಳೆಯ ಬುಡದ ಮೇಲೆ ಕಾಫಿಯ ಪೊಟ್ಟಣ ಇತ್ತು. ಹಿಮ ಬೀಳದ ಹಾಗೆ ಕೈಚೀಲದಲ್ಲಿ ಸುತ್ತಿ ಇಟ್ಟಿದ್ದಳು. ಹಲಗೆಯ ಮುಂದೆ ಎರಡು ಪಾದದ ಅಳತೆಯಲ್ಲಿ ಹಿಮ ಕರಗಿ ಕೆಳಗಿನ ಹಸಿರು ಪಾಚಿ ಕಾಣುತ್ತಿತ್ತು. ಅಷ್ಟು ಹೊತ್ತು ನಿಂತಿದ್ದಳು. ಬಿಸಿ ಇರುವ ಪಾದವೇ ಹಾಗೆ ಕರಗಿಸುವುದು, ಅದನ್ನೂ ಹೇಳಬೇಕು. ಅಲ್ಲಿಂದ ಹೆಜ್ಜೆ ಹಿಂದಕ್ಕೆ ತಿರುಗಿತ್ತು. ಚರ್ಚಿನ ದಾರಿಯಲ್ಲಿ ಹೋಗಿ, ಜಾರುಬಂಡಿಗಳು ಓಡಾಡಿದ ಗಟ್ಟಿ ನೆಲದಲ್ಲಿ ಅಳಿಸಿಹೋಗಿತ್ತು. ಪಕ್ಕದಲ್ಲಿ ಒಂದು ಮಗುವಿನ ಹೆಜ್ಜೆಯೂ ಇತ್ತು ಎಂದು ಜನ ಆಮೇಲೆ ಸೇರಿಸಿದರು. ಇರಲಿಲ್ಲ. ಬೆಳಿಗ್ಗೆ ತಾವೆತ್ತಿ ಕಣ್ಣಾರೆ ನೋಡಿದ್ದಾನೆ. ಒಂದೇ ಜೊತೆ ಹೆಜ್ಜೆ.

ಹುಡುಕಿದರು. ದಾರಿ ಪಕ್ಕದ ಕೆರೆ ದಡದಿಂದ ದಡಕ್ಕೆ ಹೆಪ್ಪುಗಟ್ಟಿತ್ತು, ಎಲ್ಲೂ ತೂತಿರಲಿಲ್ಲ. ಮಣ್ಣು ಮಾಡುವ ಜಾಗದ ಗೇಟಿಗೆ ಬೀಗ ಹಾಕಿತ್ತು. ಅವಳು ಆ ಚರ್ಚಿನವಳೂ ಅಲ್ಲ, ಅಲ್ಲಿ ಅವಳಿಗೆ ಜಾಗವೂ ಇರಲಿಲ್ಲ.

ಮೂರನೆಯ ದಿನ ವಾಸ್ಲೈ ಹಲಗೆ ಕೀಳಲು ಕೊಡಲಿ ಹಿಡಿದು ಹೋದ. ತಾವೆತ್ತಿ ಜೊತೆಗಿದ್ದ. ಹೋದವನು ಹಲಗೆಯನ್ನು ನೋಡಿ ಕೊಡಲಿ ಇಳಿಸಿದ.

"ಕೀಳ್ತೀಯಾ, ಬಿಡ್ತೀಯಾ?" ಎಂದ ತಾವೆತ್ತಿ, ಮೆಲ್ಲಗೆ.

"ಬದುಕಿರೋರಿಗೆ ಇದು ಅಡ್ಡ ಬರಲ್ಲ ಅಂದ್ರಲ್ಲ."

"ಅಂದೆ."

"ಹಂಗಾದ್ರೆ ಇರ್ಲಿ. ಬದುಕಿದ್ರೆ ದಾಟ್ಕೊಂಡು ಬರ್ತಾಳೆ."

ತಾವೆತ್ತಿ ಹಲಗೆಯನ್ನು ಇನ್ನೊಮ್ಮೆ ನೋಡಿದ. ಹೇಳಬೇಕಾದದ್ದು ಇತ್ತು. ಕೇಳಲಿಲ್ಲವಲ್ಲ, ಸುಮ್ಮನಾದ.

ವಾಸ್ಲೈ ಆ ಮನೆಯಲ್ಲಿ ಮುದುಕನಾಗುವವರೆಗೆ ಒಬ್ಬನೇ ಬಾಳಿದ. ಬಾಗಿಲಿಗೆ ಚಿಲಕ ಹಾಕುತ್ತಿರಲಿಲ್ಲ. ರಾತ್ರಿ ಎರಡು ಬಟ್ಟಲು ಇಡುತ್ತಿದ್ದ. ಒಂದು ದಿನವೂ ಯಾರೂ ಬರಲಿಲ್ಲ. ಹಲಗೆ ತನ್ನ ಕೆಲಸ ಸರಿಯಾಗಿ ಮಾಡುತ್ತಿತ್ತು.

ಅವತ್ತು ಅವನು ಕೊಡಲಿ ಇಳಿಸಿದ್ದು ಯಾಕೆಂದು ಕೇಳುವವರು ಹೋಗಿ ನೋಡಬಹುದು. ಮನೆ ಬಿದ್ದಿದೆ, ಹಲಗೆ ಇನ್ನೂ ಇದೆ. ತಾವೆತ್ತಿಯ ಅಪ್ಪನ ಗುರುತಿನ ಕೆಳಗೆ ಪಲಾಗಳ ಹೆಸರಿನ ಮೊದಲ ಅಕ್ಷರ, ಆ ವರ್ಷದ ಇಸವಿ. ಅವಳ ಹತ್ತಿರ ಚಾಕು ಇರಲಿಲ್ಲ. ವಾಸ್ಲೈಯ ಚಾಕು ಮನೆಯಲ್ಲಿತ್ತು. ಹೋಗಲಿ, ಯಾರೋ ಕೆತ್ತಿದರು ಅಂದುಕೊಳ್ಳೋಣ. ಆದರೆ ಅಷ್ಟು ಕಾಲ ಒಣಗಿದ ಮರದಲ್ಲಿ ರಾಳ ಒಂದು ಹನಿಯೂ ಉಳಿದಿರುವುದಿಲ್ಲ, ಯಾವ ಬಡಗಿಯನ್ನಾದರೂ ಕೇಳಿ. ಉಳಿದ ಗುರುತುಗಳೆಲ್ಲ ಒಣಗಿವೆ. ಆ ಒಂದು ಅಕ್ಷರ ಮಾತ್ರ ಇವತ್ತಿಗೂ ಹಸಿಯಾಗಿದೆ. ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ಸೋಪಿಗೆ ಹೋಗುವುದಿಲ್ಲ. ಬೆಣ್ಣೆ ಹಚ್ಚಿ ಉಜ್ಜಬೇಕು.